ಬಿದ್ದವರ ಜೊತೆ ನಡೆಯುವುದು: ಮೊದಲ ಭೇಟಿಯಿಂದ ಕರ್ತನ ಮೇಜಿನವರೆಗೆ

ಕ್ರೈಸ್ತ ಸಭೆಯ ಒಬ್ಬ ವಿಶ್ವಾಸಿ ಗಂಭೀರ ಪಾಪದಲ್ಲಿ ಸಿಕ್ಕಿಬಿದ್ದ ಸುದ್ದಿ ಹಿರಿಯರ ಕಿವಿಗೆ ಮುಟ್ಟಿದಾಗ ಮೊದಲು ಹುಟ್ಟುವುದು ಅವಸರ. ಕೆಲವರಿಗೆ ಬರುವ ಭಾನುವಾರವೇ ಹೆಸರು ಹೇಳಿ ಹೊರಗೆ ಹಾಕುವ ಅವಸರ. ಇನ್ನು ಕೆಲವರಿಗೆ ಅದೇ ಭಾನುವಾರದೊಳಗೆ ಪ್ರಾರ್ಥನೆ ಮಾಡಿಸಿ, ಕೈ ಕುಲುಕಿಸಿ, ಮುಚ್ಚಿಹಾಕುವ ಅವಸರ. ಎರಡನೆಯದನ್ನು ಎಲ್ಲರೂ ಸಲೀಸಾಗಿ ಕರುಣೆ ಅಂದುಬಿಡುತ್ತಾರೆ. ಬಿದ್ದವರ ಜೊತೆ ಕೂತು, ಅವರನ್ನು ಮತ್ತೆ ಕರ್ತನ ಮೇಜಿನವರೆಗೆ, ಅಂದರೆ ಸಭೆಯ ರೊಟ್ಟಿ-ದ್ರಾಕ್ಷಾರಸದ ಭೋಜನದವರೆಗೆ, ನಡೆಸಿಕೊಂಡು ಬರುವ ಕೆಲಸ ಮಾಡುವವರು ಈ ಎರಡೂ ಅವಸರಗಳನ್ನು ತಡೆಹಿಡಿಯಲು ಕಲಿಯಬೇಕಾಗುತ್ತದೆ. ಆ ಕೆಲಸ ಹೇಗೆ ಸಾಗುತ್ತದೆ, ಎಲ್ಲಿ ಕೆಡುತ್ತದೆ ಅನ್ನುವುದನ್ನು ಬರೆಯುತ್ತಿದ್ದೇವೆ. ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದು ಪ್ರಕರಣ ಕಣ್ಣ ಮುಂದಿಟ್ಟುಕೊಳ್ಳೋಣ: ಸಭೆಯ ಖಜಾಂಚಿ ಕಾಣಿಕೆ ಹಣವನ್ನು ಸ್ವಲ್ಪಸ್ವಲ್ಪವಾಗಿ ಸ್ವಂತಕ್ಕೆ ಬಳಸಿಕೊಂಡಿದ್ದಾರೆ.

ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದ ಕ್ರಮ ಎಲ್ಲರಿಗೂ ಗೊತ್ತು. ಮೊದಲು ಒಬ್ಬರೇ ಹೋಗಿ ಮಾತಾಡಬೇಕು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಬೇಕು. ಆಮೇಲೆ ಸಭೆಗೆ ಹೇಳಬೇಕು. ಆದರೆ ಆ ಮೂರು ವಚನಗಳನ್ನು ಮಾತ್ರ ಕತ್ತರಿಸಿ ತೆಗೆದು ಓದಿದರೆ ಅದು ನ್ಯಾಯಾಲಯದ ನಿಯಮಾವಳಿಯಂತೆ ಕೇಳಿಸುತ್ತದೆ. ಅದಕ್ಕೆ ಸ್ವಲ್ಪ ಮೊದಲು ಇರುವುದು ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ತಪ್ಪಿಹೋದ ಒಂದನ್ನು ಹುಡುಕಿಕೊಂಡು ಹೋದವನ ಸಾಮ್ಯ. ಸ್ವಲ್ಪ ಮುಂದೆ ಇರುವುದು ಹತ್ತು ಸಾವಿರ ತಲಾಂತು ಸಾಲ ಮನ್ನಾ ಆದವನು ನೂರು ದಿನಾರಿಗಾಗಿ ಜೊತೆಯವನ ಕುತ್ತಿಗೆ ಹಿಡಿದ ಸಾಮ್ಯ. ಈ ಎರಡನೆಯದರಲ್ಲಿ ಒಂದು ಲೆಕ್ಕವನ್ನು ಪ್ರಸಂಗಗಳಲ್ಲಿ ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ. ಒಂದು ದಿನಾರಿ ಆಗಿನ ಕೂಲಿಯವನ ಒಂದು ದಿನದ ಸಂಬಳ. ಹಾಗಾದರೆ ನೂರು ದಿನಾರಿ ಎಂದರೆ ಮೂರು ತಿಂಗಳ ದುಡಿಮೆಗಿಂತ ಹೆಚ್ಚು; ಬಡವನೊಬ್ಬನಿಗೆ ಅದು ದೊಡ್ಡ ಮೊತ್ತವೇ. ಒಂದು ತಲಾಂತಿಗೆ ಸುಮಾರು 6,000 ದಿನಾರಿ, ಆದ್ದರಿಂದ ಮನ್ನಾ ಆದ ಸಾಲದ ಮುಂದೆ ಅದು ಏನೂ ಅಲ್ಲ, ನಿಜ. ಆದರೂ ‘ನಿನಗಾದ ನಷ್ಟ ನಷ್ಟವೇ ಅಲ್ಲ, ಮರೆತುಬಿಡು’ ಎಂದು ಯೇಸು ಎಲ್ಲೂ ಹೇಳಲಿಲ್ಲ. ನೊಂದವರ ಮುಂದೆ ಹೋಗಿ ಕ್ಷಮೆಯ ಬಗ್ಗೆ ಮಾತೆತ್ತುವ ಪ್ರತಿ ಹಿರಿಯರಿಗೂ ಈ ನೂರು ದಿನಾರಿ ನೆನಪಿರಬೇಕು.

ಒಂದೇ ಕಡೆ ಮಾತ್ರ ‘ಒಬ್ಬರೇ ಹೋಗಿ ಮಾತಾಡಿ’ ಎಂಬ ಮೊದಲ ಹೆಜ್ಜೆಯನ್ನು ಬಳಸಲೇಬಾರದು. ಮಕ್ಕಳ ಮೇಲಿನ ದೌರ್ಜನ್ಯ, ಲೈಂಗಿಕ ಹಿಂಸೆ, ಮನೆಯೊಳಗಿನ ಹೊಡೆತ ಬಡಿತ, ಅಧಿಕಾರದಲ್ಲಿರುವವರು ಕೈಕೆಳಗಿನವರನ್ನು ಬಳಸಿಕೊಂಡದ್ದು: ಇಂಥವುಗಳಲ್ಲಿ ನೊಂದವರನ್ನು ತಪ್ಪು ಮಾಡಿದವರ ಎದುರು ಒಬ್ಬಂಟಿಯಾಗಿ ಕೂರಿಸುವುದು ಎರಡನೆಯ ಗಾಯ. ಅಪರಾಧವಾಗಿದ್ದರೆ ಪೊಲೀಸರಿಗೆ ಹೇಳಬೇಕು, ಸಭೆಯ ವಿಚಾರಣೆ ಅದರ ಬದಲಿಗೆ ನಿಲ್ಲುವುದಿಲ್ಲ. ‘ಸಭೆಯ ಹೆಸರು ಕೆಡುತ್ತದೆ’ ಎಂಬ ಮಾತು ಆ ಹೊತ್ತಿಗೆ ಯಾರಾದರೊಬ್ಬರ ಬಾಯಿಂದ ಬಂದೇ ಬರುತ್ತದೆ. ಚಿಕ್ಕವರಲ್ಲಿ ಒಬ್ಬನಿಗೆ ಅಡ್ಡಿಯಾದವನ ಕೊರಳಿಗೆ ಬೀಸುವ ಕಲ್ಲಿನ ಮಾತು ಅದೇ ಹದಿನೆಂಟನೆಯ ಅಧ್ಯಾಯದಲ್ಲಿದೆ ಎಂದು ತೆರೆದು ತೋರಿಸಬೇಕು.

ವಿಷಯ ಹಿರಿಯರ ಕೈಗೆ ಬಂದ ಮೇಲಿನ ಮೊದಲ ಭೇಟಿಗೆ ಇಬ್ಬರು ಹೋಗುತ್ತೇವೆ, ಮೂವರಿಗಿಂತ ಹೆಚ್ಚು ಇರಬಾರದು. ಒಬ್ಬರೇ ಹೋದರೆ ನಾಳೆ ಏನು ಹೇಳಿದರು, ಏನು ಹೇಳಲಿಲ್ಲ ಎಂಬುದಕ್ಕೆ ಸಾಕ್ಷಿ ಇರುವುದಿಲ್ಲ. ಐದಾರು ಜನ ಹೋದರೆ ಎದುರಿಗಿರುವವರಿಗೆ ಸುತ್ತುವರಿದಂತಾಗುತ್ತದೆ. ಹೆಣ್ಣುಮಗಳಾದರೆ ಇಬ್ಬರಲ್ಲಿ ಒಬ್ಬರಾದರೂ ಹೆಣ್ಣುಮಗಳಿರಬೇಕು. ಒಂದೂವರೆ ಗಂಟೆಗಿಂತ ಎಳೆಯಬಾರದು, ಅದಾದ ಮೇಲೆ ಮಾತು ಸುತ್ತಿ ಸುತ್ತಿ ಅಲ್ಲಿಗೇ ಬರುತ್ತದೆ. ಕೂತ ಕೂಡಲೇ ‘ಇದು ಯಾರಿಗೂ ಗೊತ್ತಾಗುವುದಿಲ್ಲ’ ಎಂದು ಭರವಸೆ ಕೊಡಬಾರದು, ಯಾಕೆಂದರೆ ಮುಂದೆ ಏನು ಕೇಳಿಸಿಕೊಳ್ಳಲಿದ್ದೇವೆ ಎಂದು ನಮಗೇ ಗೊತ್ತಿರುವುದಿಲ್ಲ. ‘ಗೊತ್ತಿರಬೇಕಾದವರಿಗೆ ಮಾತ್ರ ಹೇಳುತ್ತೇವೆ, ಹೇಳುವ ಮುಂಚೆ ನಿಮಗೆ ತಿಳಿಸುತ್ತೇವೆ’ ಎಂದಷ್ಟೇ ಹೇಳಿದರೆ ಆ ಮಾತನ್ನು ಉಳಿಸಿಕೊಳ್ಳಬಹುದು. ಕಥೋಲಿಕ ಗುರುಗಳ ಪಾಪನಿವೇದನೆಯ ಮುದ್ರೆ ಬೇರೆ. ಅಲ್ಲಿ ಕೇಳಿದ್ದನ್ನು ಯಾವ ಕಾರಣಕ್ಕೂ ಹೊರಗೆ ಹೇಳುವಂತಿಲ್ಲ. ಹಿರಿಯರ ಸಭೆಯ ಭೇಟಿಗೆ ಅಂಥ ಮುದ್ರೆ ಇಲ್ಲ ಎಂಬುದು ಆರಂಭದಲ್ಲೇ ಸ್ಪಷ್ಟವಾಗಬೇಕು.

ಆ ಭೇಟಿಯಲ್ಲಿ ಕೇಳುವ ಮೊದಲ ಪ್ರಶ್ನೆಗಳಿಗೂ ಪಾಪಕ್ಕೂ ಸಂಬಂಧವಿಲ್ಲ. ಊಟ ಮಾಡಿದ್ದೀರಾ? ನಿದ್ದೆ ಬರುತ್ತಿದೆಯಾ? ಮನೆಯಲ್ಲಿ ಯಾರಿಗೆ ಗೊತ್ತಿದೆ? ಪ್ರವಾದಿ ಎಲೀಯನು ಸಾಯಬೇಕೆಂದು ಬೇಡಿಕೊಂಡು ಗಿಡದ ಕೆಳಗೆ ಮಲಗಿದಾಗ ದೂತನು ಬಂದು ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ, ಮಲಗಲು ಬಿಟ್ಟ, ಎಬ್ಬಿಸಿ ಮತ್ತೊಮ್ಮೆ ಉಣ್ಣಿಸಿದ. ‘ಇಲ್ಲೇನು ಮಾಡುತ್ತೀ’ ಎಂಬ ದೇವರ ಪ್ರಶ್ನೆ ಬಂದದ್ದು ನಲವತ್ತು ದಿನ ನಡೆದು ಹೋರೇಬ್ ಬೆಟ್ಟಕ್ಕೆ ಸೇರಿದ ಮೇಲೆ. ಗುಟ್ಟು ಬಯಲಾದ ಮೊದಲ ದಿನಗಳಲ್ಲಿ ಜೀವ ತೆಗೆದುಕೊಳ್ಳುವ ಆಲೋಚನೆ ಬರುವುದು ಅಪರೂಪವಲ್ಲ. ಅದನ್ನು ನೇರವಾಗಿಯೇ ಕೇಳಬೇಕು: ‘ಬದುಕಿರಬಾರದು ಅನ್ನಿಸುತ್ತಿದೆಯಾ?’ ಕೇಳಿದ್ದರಿಂದ ಆ ಆಲೋಚನೆ ಹೊಸದಾಗಿ ಹುಟ್ಟುವುದಿಲ್ಲ. ಬಹಳ ಸಲ ಅದನ್ನು ಬಾಯಿಬಿಟ್ಟು ಹೇಳಿದ್ದೇ ಅವರಿಗೆ ದೊಡ್ಡ ಹಗುರ. ಹೌದು ಎಂದರೆ ಆ ರಾತ್ರಿ ಒಬ್ಬರನ್ನೇ ಬಿಡಬಾರದು, ವೈದ್ಯರಿಗೆ ತೋರಿಸಬೇಕು. ಶಿಸ್ತಿನ ಮಾತು ಮುಂದಿನ ವಾರಕ್ಕೆ ಇರಲಿ.

ಇನ್ನು ಅರಿಕೆ, ಅಂದರೆ ತಪ್ಪನ್ನು ಬಾಯಿಬಿಟ್ಟು ಒಪ್ಪಿಕೊಳ್ಳುವುದು. ಇಲ್ಲಿ ನಿಧಾನವಾಗಿ ಹೋಗಬೇಕು, ಯಾಕೆಂದರೆ ಇಡೀ ಕೆಲಸ ಉಳಿಯುವುದೂ ಕೆಡುವುದೂ ಇಲ್ಲೇ.

ನಮ್ಮ ಖಜಾಂಚಿ ಮೊದಲ ಸಲ ಹೇಳುವುದು ಹೀಗಿರುತ್ತದೆ: ‘ಪಾಸ್ಟರ್, ಲೆಕ್ಕದಲ್ಲಿ ಸ್ವಲ್ಪ ಹೆಚ್ಚುಕಡಿಮೆ ಆಗಿಹೋಯ್ತು. ಮನೆ ಪರಿಸ್ಥಿತಿ ಹಾಗಿತ್ತು. ಯಾರಿಗಾದರೂ ನೋವಾಗಿದ್ದರೆ ಕ್ಷಮಿಸಬೇಕು.’ ಇದರಲ್ಲಿ ಹಣ ತೆಗೆದವರೇ ಇಲ್ಲ, ಪರಿಸ್ಥಿತಿ ತೆಗೆದಿದೆ. ನೋವು ಆಗಿದೆಯೋ ಇಲ್ಲವೋ ಅನ್ನುವುದೂ ಇನ್ನೂ ಸಂದೇಹದಲ್ಲಿದೆ. ಇದನ್ನು ಕೇಳಿ ಕಣ್ಣೀರಾಗಿ ‘ದೇವರು ಕ್ಷಮಿಸಿದ್ದಾನೆ ಬಿಡಿ’ ಎಂದುಬಿಟ್ಟರೆ ಆ ಮನುಷ್ಯನಿಗೆ ಮಾಡುವ ಅನ್ಯಾಯ ದೊಡ್ಡದು. ಅವರು ಒಪ್ಪಿಕೊಳ್ಳದೆ ಇದ್ದದ್ದು ಹಾಗೇ ಒಳಗೆ ಉಳಿಯಿತು, ಅದರ ಮೇಲೆ ಕ್ಷಮೆಯ ಮುದ್ರೆಯೂ ಬಿತ್ತು. ಪ್ರವಾದಿ ಸಮುವೇಲನ ಮುಂದೆ ಅರಸ ಸೌಲನೂ ‘ಪಾಪ ಮಾಡಿದ್ದೇನೆ’ ಎಂದ. ಜೊತೆಗೆ ‘ಜನರಿಗೆ ಹೆದರಿದೆ’ ಎಂದ. ಕೊನೆಗೆ ‘ಆದರೂ ನನ್ನ ಜನರ ಹಿರಿಯರ ಮುಂದೆ ನನ್ನ ಮಾನ ಉಳಿಸು’ ಎಂದು ಬೇಡಿಕೊಂಡ. ಪ್ರವಾದಿ ನಾತಾನನ ಮುಂದೆ ಅರಸ ದಾವೀದನು ಹೇಳಿದ್ದು ಒಂದೇ ವಾಕ್ಯ, ಅದಕ್ಕೆ ಬಾಲವಿಲ್ಲ. ತಪ್ಪಿನ ಗಾತ್ರ ನೋಡಿದರೆ ದಾವೀದನದೇ ಭಯಂಕರ: ವ್ಯಭಿಚಾರ, ಮೋಸ, ಊರೀಯನ ಕೊಲೆ. ಹಾಗಾಗಿ ಅರಿಕೆ ಕೇಳುವವರು ಪಾಪ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಆ ಬಾಲವನ್ನೇ ಹೆಚ್ಚು ಗಮನಿಸುತ್ತಾರೆ.

ಬಾಯಲ್ಲಿ ಹೇಳಿದ್ದು ಸಾಕಾಗುವುದಿಲ್ಲ, ಬರೆಯಲು ಹೇಳುತ್ತೇವೆ. ಒಂದು ಬಿಳಿ ಹಾಳೆ, ಎಡಗಡೆ ಅಂಚಿಗೆ ತಿಂಗಳು, ಅದರ ಮುಂದೆ ತೆಗೆದ ಮೊತ್ತ, ಯಾವ ಲಕೋಟೆಯಿಂದ ತೆಗೆದದ್ದು, ಅದನ್ನು ಮುಚ್ಚಲು ಯಾವ ರಸೀದಿ ಬರೆದದ್ದು, ಯಾರು ಕೇಳಿದಾಗ ಏನೆಂದು ಸುಳ್ಳು ಹೇಳಿದ್ದು. ಈ ಕೊನೆಯ ಕಲಮು ತುಂಬುವಾಗಲೇ ಪೆನ್ನು ನಿಲ್ಲುತ್ತದೆ. ಹಣದ ಸಾಲುಗಳನ್ನು ಬೇಗ ಬರೆದು ಮುಗಿಸುತ್ತಾರೆ. ‘ಇಂಥವರು ಕೇಳಿದಾಗ ಬ್ಯಾಂಕಿನಲ್ಲಿ ತಡವಾಗಿದೆ ಎಂದೆ’ ಎಂಬ ಒಂದು ಸಾಲಿಗೆ ಅರ್ಧ ಗಂಟೆ ಹಿಡಿಯುತ್ತದೆ. ತೆಗೆದದ್ದಕ್ಕಿಂತ ಮುಚ್ಚಿದ್ದರಲ್ಲೇ ಮನುಷ್ಯ ಹೆಚ್ಚು ಸಿಕ್ಕಿಹಾಕಿಕೊಂಡಿರುತ್ತಾನೆ, ಸಭೆಯ ನಂಬಿಕೆ ಒಡೆದದ್ದೂ ಅಲ್ಲಿಯೇ.

ಈ ಹಂತದಲ್ಲಿ ಅತಿ ಸಾಮಾನ್ಯವಾದ ತೊಂದರೆ ಕಂತಿನ ಅರಿಕೆ. ಮೊದಲ ದಿನ ಮೂರರಲ್ಲಿ ಒಂದು ಪಾಲು ಹೇಳುತ್ತಾರೆ, ಸಿಕ್ಕಿಬಿದ್ದಾಗ ಇನ್ನೊಂದು, ದಾಖಲೆ ಮುಂದಿಟ್ಟಾಗ ಉಳಿದದ್ದು. ಪ್ರತಿ ಕಂತಿಗೂ ನೊಂದವರಿಗೆ ಗಾಯ ಮೊದಲಿನಿಂದ ತೆರೆದುಕೊಳ್ಳುತ್ತದೆ. ಗಂಡ ಹೆಂಡತಿಯ ನಡುವಿನ ದ್ರೋಹದಲ್ಲಂತೂ ಎರಡನೆಯ ಕಂತೇ ಮದುವೆಯನ್ನು ಮುರಿಯುವುದು ಹೆಚ್ಚು. ಅದಕ್ಕಾಗಿ ಒಂದು ವಾರ ಸಮಯ ಕೊಟ್ಟು, ‘ಪೂರ್ತಿ ಬರೆದುಕೊಂಡು ಬನ್ನಿ, ಇದಾದ ಮೇಲೆ ಹೊಸದೇನೂ ಹೊರಗೆ ಬರಬಾರದು’ ಎಂದು ಹೇಳಬೇಕು. ಆ ವಾರ ಮುಗಿಯುವವರೆಗೆ ಸಭೆಗೆ ಯಾವ ಪ್ರಕಟಣೆಯೂ ಬೇಡ.

ಇಷ್ಟರಲ್ಲಿ ನೊಂದವರ ಜೊತೆ ಯಾರಿದ್ದಾರೆ? ಇದು ಬಹುತೇಕ ಸಭೆಗಳಲ್ಲಿ ಬಿಟ್ಟುಹೋಗುವ ಭಾಗ. ಬಿದ್ದವರ ಸುತ್ತ ನಾಲ್ಕು ಜನ ಹಿರಿಯರು, ನೊಂದವರ ಹತ್ತಿರ ಒಬ್ಬರೂ ಇಲ್ಲ. ಆದ್ದರಿಂದ ಅವರಿಗೆ ಬೇರೆಯದೇ ಒಬ್ಬರನ್ನು ನೇಮಿಸಬೇಕು. ಬಿದ್ದವರ ಜೊತೆ ಕೂರುವವರು ಇವರ ಜೊತೆಗೂ ಕೂರಬಾರದು. ಇಬ್ಬರ ಕಣ್ಣೀರನ್ನೂ ಒಬ್ಬರೇ ನೋಡಿದರೆ ಸಂಧಾನಕ್ಕೆ ಕೈ ತುರಿಸುತ್ತದೆ. ನೊಂದವರಿಗೆ ಕೇಳುವುದು ಮೂರೇ: ನಿಮಗೆ ಈಗ ಏನು ಬೇಕು, ಯಾವುದರಿಂದ ಭಯ, ಯಾರಿಗೆ ಗೊತ್ತಾಗಬಾರದು. ‘ನೀವು ಕ್ಷಮಿಸಿದಿರಾ?’ ಎಂಬ ಪ್ರಶ್ನೆಗೆ ಆ ಪಟ್ಟಿಯಲ್ಲಿ ಜಾಗವಿಲ್ಲ. ಅದನ್ನು ಅವರೇ ಎತ್ತಬೇಕು.

ಅಣ್ಣಂದಿರೇ ಮಾರಿಬಿಟ್ಟ ಯೋಸೇಫನ ಕಥೆಯನ್ನು ಕ್ಷಮೆಯ ಪಾಠವಾಗಿ ಹೇಳುವಾಗ ಆದಿಕಾಂಡ 45ರ ಅಪ್ಪುಗೆಗೆ ನೇರ ಹಾರುವುದು ರೂಢಿ. 42ರಿಂದ 44ರವರೆಗೆ ನಡೆದದ್ದನ್ನು ನೋಡಿ. ಧಾನ್ಯಕ್ಕೆ ಬಂದ ಅಣ್ಣಂದಿರನ್ನು ಗುರುತು ಹಿಡಿದವನು ತನ್ನ ಗುರುತು ಹೇಳಲಿಲ್ಲ. ಮೂರು ದಿನ ಕಾವಲಿನಲ್ಲಿಟ್ಟ. ಸಿಮೆಯೋನನನ್ನು ಕಟ್ಟಿಸಿ ಉಳಿಸಿಕೊಂಡ. ಅವರ ಹಣವನ್ನು ಅವರವರ ಚೀಲದಲ್ಲೇ ವಾಪಸು ಇಡಿಸಿದ. ಕಡೆಗೆ ತನ್ನ ಬೆಳ್ಳಿಯ ಪಾನಪಾತ್ರೆಯನ್ನು ಬೆನ್ಯಾಮೀನನ ಚೀಲದಲ್ಲಿ ಹಾಕಿಸಿದ. ಇದು ಸೇಡಿನಂತೆ ಕಾಣಬಹುದು, ಆದರೆ ಈ ನಡುವೆ ಆತ ಎರಡು ಸಲ ಮರೆಗೆ ಹೋಗಿ ಅತ್ತಿದ್ದಾನೆ, ಮುಖ ತೊಳೆದುಕೊಂಡು ಬಂದು ಬಡಿಸಲು ಹೇಳಿದ್ದಾನೆ. ಕನಿಕರ ಮೊದಲಿನಿಂದಲೂ ಇತ್ತು; ನಂಬಿಕೆ ಇರಲಿಲ್ಲ. ತಂದೆಗೆ ಮುದ್ದಿನವನಾದ ಕಿರಿಯನನ್ನು ಬಿಟ್ಟು ತಾವು ಪಾರಾಗುವ ಅವಕಾಶವನ್ನು ಆತ ಅವರ ಮುಂದೆ ಮತ್ತೊಮ್ಮೆ ಇಟ್ಟ. ಆಗ ಮುಂದೆ ಬಂದು ‘ಹುಡುಗನ ಬದಲು ನಾನು ದಾಸನಾಗಿರುತ್ತೇನೆ’ ಎಂದವನು ಯೆಹೂದ. ಹಿಂದೆ ‘ಕೊಲ್ಲುವುದು ಬೇಡ, ಮಾರಿಬಿಡೋಣ’ ಎಂದು ಸಲಹೆ ಕೊಟ್ಟು ಇಪ್ಪತ್ತು ಬೆಳ್ಳಿಗೆ ತಮ್ಮನನ್ನು ಮಾರಿಸಿದವನೂ ಅದೇ ಯೆಹೂದ. ಯೋಸೇಫನಿಗೆ ಅಳು ತಡೆಯಲಾಗದೆ ಹೋದದ್ದು ಆ ಮಾತಾದ ಮೇಲೆಯೇ. ನೊಂದವರು ಕಾಯುತ್ತಿದ್ದರೆ ಅವರ ಮನಸ್ಸು ಕಲ್ಲಾಗಿದೆ ಎಂದು ತೀರ್ಪು ಕೊಡುವವರಿಗೆ ಈ ಮೂರು ಅಧ್ಯಾಯಗಳನ್ನು ಓದಲು ಕೊಡುತ್ತೇವೆ.

ಹಿಂದಿರುಗಿಸುವ ಲೆಕ್ಕ ನೇರವಾದದ್ದು. ಅರಣ್ಯಕಾಂಡ 5 ಮತ್ತು ಯಾಜಕಕಾಂಡ 6ರ ಪ್ರಕಾರ ಅಸಲಿನ ಜೊತೆ ಐದನೆಯ ಒಂದು ಪಾಲು. ನೂರು ತೆಗೆದಿದ್ದರೆ ನೂರಿಪ್ಪತ್ತು. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯ ಯೇಸುವಿನ ಮುಂದೆ ನಾಲ್ಕರಷ್ಟು ಕೊಡುತ್ತೇನೆ ಎಂದ. ಇಂದಿನ ಸಭೆಗಳು ಈ ಅಂಕಿಗಳನ್ನು ಕಾನೂನಾಗಿ ಹೇರುವುದಿಲ್ಲ, ಆದರೆ ಅಸಲಿಗಿಂತ ಸ್ವಲ್ಪವಾದರೂ ಹೆಚ್ಚು ಕೊಟ್ಟವರ ಮುಖದಲ್ಲಿ ಬರುವ ಬಿಡುಗಡೆಯೇ ಬೇರೆ. ಕಂತು ತೀರ್ಮಾನಿಸುವಾಗ ಮನೆಯವರಿಗೆ ಗೊತ್ತಿರಬೇಕು, ಮಕ್ಕಳ ಊಟ ಓದಿಗೆ ಕೈಹಾಕಬಾರದು. ಬೇರೆ ಕಡೆ ಸಾಲ ಮಾಡಿ ಒಂದೇ ಸಲ ತಂದು ಸುರಿಯುವುದನ್ನು ಒಪ್ಪಬಾರದು, ಅದು ಹೊಸ ಗುಂಡಿ. ಹೆಸರಿಲ್ಲದ ಲಕೋಟೆಯಲ್ಲಿ ಕಾಣಿಕೆ ಪೆಟ್ಟಿಗೆಗೆ ಹಾಕುತ್ತೇನೆ ಎಂದರೂ ಬೇಡ. ತೆಗೆದದ್ದು ಗುಟ್ಟಾಗಿ, ಕೊಡುವುದೂ ಗುಟ್ಟಾಗಿ ಆಗಬಾರದು. ಕೊಡಲು ನಿಜವಾಗಿಯೂ ಇಲ್ಲದವರಿದ್ದಾರೆ. ಫಿಲೆಮೋನನಿಗೆ ಪೌಲನು ಅವನ ದಾಸ ಒನೇಸಿಮನ ಬಗ್ಗೆ ‘ಅವನಿಂದ ನಷ್ಟವಾಗಿದ್ದರೆ ನನ್ನ ಲೆಕ್ಕಕ್ಕೆ ಹಾಕು’ ಎಂದು ಸ್ವಂತ ಕೈಯಿಂದ ಬರೆದುಕೊಟ್ಟಂತೆ, ಸಭೆಯಲ್ಲಿ ಯಾರಾದರೂ ಒಬ್ಬರು ಒಂದು ಪಾಲು ಹೊತ್ತುಕೊಳ್ಳಬಹುದು. ಕನಿಕರಕ್ಕೆ ಖರ್ಚಿದೆ ಎನ್ನುವುದು ಅಲ್ಲಿ ರಸೀದಿಯಲ್ಲೇ ಕಾಣುತ್ತದೆ.

ಚಾಡಿ, ಸುಳ್ಳು ಆಪಾದನೆಗಳಾದರೆ ಹಿಂದಿರುಗಿಸುವುದು ಇನ್ನೂ ಕಷ್ಟ. ಯಾರುಯಾರಿಗೆ ಹೇಳಿದ್ದರೋ ಅವರ ಪಟ್ಟಿ ಮಾಡಿ, ಅವರ ಹತ್ತಿರವೇ ಹೋಗಿ ‘ನಾನು ಹೇಳಿದ್ದು ಸುಳ್ಳು’ ಎನ್ನಬೇಕು. ಹತ್ತು ಜನರ ಪಟ್ಟಿಯಲ್ಲಿ ನಾಲ್ಕನೆಯ ಮನೆಗೆ ಹೋಗುವಷ್ಟರಲ್ಲಿ ಮೈ ಬೆವರುತ್ತದೆ, ಹಾಗಾಗಿ ಜೊತೆಗೆ ಒಬ್ಬರು ಹೋಗುವುದು ಒಳ್ಳೆಯದು.

ಶಿಸ್ತಿನ ಕಾಲದಲ್ಲಿ ಏನು ನಿಲ್ಲಬೇಕು, ಎಷ್ಟು ಕಾಲ? ಹಳೆಯ ಸಭೆ ಇದನ್ನು ವರ್ಷಗಳಲ್ಲಿ ಎಣಿಸುತ್ತಿತ್ತು. ಕ್ರಿ.ಶ. 250ರಲ್ಲಿ ರೋಮನ್ ಚಕ್ರವರ್ತಿ ಡೀಸಿಯಸನ ಹಿಂಸೆಯಲ್ಲಿ ನಂಬಿಕೆ ತ್ಯಜಿಸಿದವರನ್ನು ಮತ್ತೆ ಸೇರಿಸಿಕೊಳ್ಳಬೇಕೇ ಎಂಬ ಪ್ರಶ್ನೆಗೆ ಸಭೆಯೇ ಒಡೆಯಿತು. ಸೇರಿಸಲೇಬಾರದು ಎಂದವರು ರೋಮಿನ ನೊವೇಷಿಯನ್ ಪಕ್ಷದವರು. ಪಶ್ಚಾತ್ತಾಪವನ್ನು ಪರೀಕ್ಷಿಸಿ ಸೇರಿಸಬೇಕು ಎಂದವರು ಕಾರ್ಥೇಜಿನ ಬಿಷಪ್ ಸಿಪ್ರಿಯಾನ್ ಮೊದಲಾದವರು. 325ರ ನೈಸಿಯಾ ಮಹಾಸಭೆಯ ಹನ್ನೊಂದನೆಯ ನಿಯಮದಂತೆ, ಒತ್ತಾಯವಿಲ್ಲದೆ ನಂಬಿಕೆ ಬಿಟ್ಟವರು ಮೂರು ವರ್ಷ ವಾಕ್ಯ ಕೇಳುವವರ ಸಾಲಿನಲ್ಲಿ, ಏಳು ವರ್ಷ ಅಡ್ಡಬೀಳುವವರ ಸಾಲಿನಲ್ಲಿ, ಇನ್ನೆರಡು ವರ್ಷ ಭೋಜನವಿಲ್ಲದೆ ಪ್ರಾರ್ಥನೆಯಲ್ಲಿ ಮಾತ್ರ ಇರಬೇಕಿತ್ತು. ಒಟ್ಟು ಹನ್ನೆರಡು ವರ್ಷ! ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಮುಂದಿನ ಎರಡು ನಿಯಮಗಳನ್ನೂ ಓದಬೇಕು. ಹನ್ನೆರಡನೆಯದರಲ್ಲಿ, ಪಶ್ಚಾತ್ತಾಪ ಬರೀ ತೋರಿಕೆಯೋ ನಡೆಯಲ್ಲಿ ಕಾಣುತ್ತದೆಯೋ ನೋಡಿ ಬಿಷಪರು ಇನ್ನಷ್ಟು ದಯೆಯಿಂದ ತೀರ್ಮಾನಿಸಬಹುದು ಎಂದಿದೆ. ಹದಿಮೂರನೆಯದು, ಸಾಯುವ ಸ್ಥಿತಿಯಲ್ಲಿರುವವರಿಗೆ ಭೋಜನ ತಪ್ಪಿಸಬಾರದು ಅನ್ನುತ್ತದೆ. ಕಾಲ ನಿಗದಿ ಮಾಡಿದವರೇ ಅದನ್ನು ಮುರಿಯುವ ಅಧಿಕಾರವನ್ನೂ ಪಕ್ಕದಲ್ಲೇ ಬರೆದಿಟ್ಟರು.

ಇಂದು ಸಭೆಸಭೆಗೆ ಕ್ರಮ ಬೇರೆ. ಕಥೋಲಿಕರಲ್ಲಿ ಪಶ್ಚಾತ್ತಾಪ, ನಿವೇದನೆ, ಪಾಪವಿಮೋಚನೆ, ಪ್ರಾಯಶ್ಚಿತ್ತ ಒಂದೇ ಸಂಸ್ಕಾರದೊಳಗೆ ಬರುತ್ತವೆ. ಆರ್ಥೊಡಾಕ್ಸ್ ಸಭೆಗಳಲ್ಲಿ ಕ್ರಿಸ್ತನ ಚಿತ್ರದ ಮುಂದೆ, ಗುರುಗಳು ಸಾಕ್ಷಿಯಾಗಿ ನಿಂತಿರುವಾಗ ಅರಿಕೆಯಾಗುತ್ತದೆ. ಹಲವು ಪ್ರೊಟೆಸ್ಟಂಟ್ ಸಭೆಗಳಲ್ಲಿ ಹಿರಿಯರ ಮಂಡಲಿ ಕಾಲ ಗೊತ್ತುಮಾಡುತ್ತದೆ. ಯಾವ ಕ್ರಮವಾದರೂ ನಮಗೆ ಕಂಡದ್ದು ಇದು: ಕೊನೆಯ ದಿನ ಗೊತ್ತಿಲ್ಲದ ಶಿಸ್ತು ಮನುಷ್ಯನನ್ನು ಕೊಲ್ಲುತ್ತದೆ. ಬಿಡುಗಡೆಯ ದಿನಾಂಕ ಹೇಳಲಾಗದಿದ್ದರೂ ಮುಂದಿನ ಪರಿಶೀಲನೆಯ ದಿನಾಂಕ ಹೇಳಲೇಬೇಕು. ಮೊದಲ ಮೂರು ತಿಂಗಳು ವಾರಕ್ಕೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ, ಅರ್ಧ ವರ್ಷದ ನಂತರ ತಿಂಗಳಿಗೊಮ್ಮೆ ಭೇಟಿ ಇಟ್ಟುಕೊಂಡರೆ ಸಾಮಾನ್ಯವಾಗಿ ಹೊಂದುತ್ತದೆ. ಹುದ್ದೆ, ವೇದಿಕೆ, ಬೀಗದ ಕೈ ಅದೇ ದಿನ ವಾಪಸು. ಆರಾಧನೆಗೆ ಬರುವುದನ್ನು ಮಾತ್ರ ನಿಲ್ಲಿಸಬಾರದು, ನೊಂದವರ ಸುರಕ್ಷೆ ಅಡ್ಡಬಂದರೆ ಹೊರತು. ಆಗ ಬೇರೆ ಹೊತ್ತಿನ ಆರಾಧನೆಗೆ ಕಳಿಸಬೇಕು.

ಈ ತಿಂಗಳುಗಳಲ್ಲಿ ಒಳಗೆ ನಡೆಯುವುದು ಹೊರಗಿನವರಿಗೆ ಕಾಣುವುದಿಲ್ಲ. ಪ್ರಾರ್ಥನೆ ಬಾಯಿಗೆ ಬರುವುದಿಲ್ಲ, ಬೈಬಲ್ ತೆರೆದರೆ ಪ್ರತಿ ಪುಟವೂ ತನ್ನನ್ನೇ ಬೈದಂತೆ ಕೇಳಿಸುತ್ತದೆ. ‘ಹೆಚ್ಚು ಪ್ರಾರ್ಥನೆ ಮಾಡಿ’ ಎಂಬ ಸಲಹೆ ಅಲ್ಲಿ ನಿಷ್ಪ್ರಯೋಜಕ. ಅದರ ಬದಲು ಬೇರೆಯವರು ಈಗಾಗಲೇ ಪ್ರಾರ್ಥಿಸಿ ಇಟ್ಟ ಮಾತು ಕೊಡಬೇಕು. ಪಶ್ಚಾತ್ತಾಪದ ಕೀರ್ತನೆಗಳು ಎಂದು ಸಭೆ ಬಹಳ ಹಿಂದಿನಿಂದ ಗುರುತಿಸಿರುವುದು ಏಳು: 6, 32, 38, 51, 102, 130, 143. ವಾರಕ್ಕೂ ಏಳೇ ದಿನ. ದಿನಕ್ಕೊಂದು, ಗಟ್ಟಿಯಾಗಿ ಓದಬೇಕು, ಮೇಲೆ ಏನೂ ಸೇರಿಸಬೇಕಿಲ್ಲ. ನಿದ್ದೆ ಇಲ್ಲದೆ ಹಾಸಿಗೆ ಕಣ್ಣೀರಿನಲ್ಲಿ ತೊಯ್ದದ್ದು 6ರಲ್ಲಿದೆ, ಮುಚ್ಚಿಟ್ಟುಕೊಂಡಾಗ ಮೂಳೆ ಸವೆದದ್ದು 32ರಲ್ಲಿದೆ, ಊಟ ಮರೆತದ್ದು 102ರಲ್ಲಿದೆ. ತನಗಾದದ್ದೇ ಅಲ್ಲಿ ಬರೆದಿರುವುದು ಕಂಡಾಗ ಒಂಟಿತನ ಸ್ವಲ್ಪ ಸಡಿಲವಾಗುತ್ತದೆ. 51ರ ಹನ್ನೆರಡನೆಯ ವಚನದಲ್ಲಿ ದಾವೀದನು ಕೇಳುವುದು ರಕ್ಷಣೆಯ ಆನಂದವನ್ನು ಮತ್ತೆ ಕೊಡು ಎಂದು. ಕ್ಷಮೆ ಸಿಕ್ಕಿದ ದಿನವೇ ಆನಂದವೂ ಬರಬೇಕೆಂದೇನಿಲ್ಲ, ಅದು ತಡವಾಗಿ ಬರುತ್ತದೆ. ಬಂದಿಲ್ಲ ಎಂದು ಕ್ಷಮೆಯನ್ನೇ ಅನುಮಾನಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕು.

ಕೆಲವರು ಒಂದೇ ಪಾಪವನ್ನು ವಾರವಾರವೂ ಬಂದು ಒಪ್ಪಿಕೊಳ್ಳುತ್ತಾರೆ. ಮೊದಲು ಅದು ಭಕ್ತಿಯಂತೆ ಕಾಣುತ್ತದೆ. ಪ್ರತಿ ಸಲವೂ ಕೂತು ಕೇಳಿ ಸಮಾಧಾನ ಹೇಳಿದರೆ ಆ ಸಮಾಧಾನ ಎರಡು ದಿನವೂ ನಿಲ್ಲುವುದಿಲ್ಲ, ಚಟ ಹಿಡಿಯುತ್ತದೆ. ‘ಇದನ್ನು ಹೇಳಿ ಆಗಿದೆ, ಮತ್ತೆ ಕೇಳುವುದಿಲ್ಲ’ ಎಂದು ಮೃದುವಾಗಿ, ಆದರೆ ಖಂಡಿತವಾಗಿ ನಿಲ್ಲಿಸುವುದೇ ಅಲ್ಲಿ ಕರುಣೆ. ಕೈ ತೊಳೆದಷ್ಟೂ ಕೊಳೆ ಹೋಗದಂಥ ಆ ಗೀಳು ಕೆಲವೊಮ್ಮೆ ಕಾಯಿಲೆಯೇ ಆಗಿರುತ್ತದೆ, ಮನೋವೈದ್ಯರ ಹತ್ತಿರ ಕಳಿಸಲು ಸಂಕೋಚಪಡಬಾರದು.

ಸರಿಯಾಗಿ ನಡೆಯುತ್ತಿದೆಯೇ ಎಂದು ತಿಳಿಯಲು ಕಣ್ಣೀರನ್ನು ನಂಬಬಾರದು. ಕೇಳುವ ಮುಂಚೆಯೇ ತಾವಾಗಿ ಹೇಳುತ್ತಿದ್ದಾರಾ? ಬಯಲು ಮಾಡಿದವರ ಮೇಲಿನ ಸಿಟ್ಟು ಇಳಿದಿದೆಯಾ? ‘ಇನ್ನೆಷ್ಟು ದಿನ’ ಎಂಬ ಪ್ರಶ್ನೆ ಹೋಗಿ ‘ಅವರು ಹೇಗಿದ್ದಾರೆ’ ಎಂಬ ಪ್ರಶ್ನೆ ಬಂದಿದೆಯಾ? ಈ ಮೂರನೆಯದು ಬಂದ ದಿನ ನಾವು ಗುರುತು ಹಾಕಿಕೊಳ್ಳುತ್ತೇವೆ. ಬದಲಾಗಿ, ಮೂರನೇ ತಿಂಗಳಿಗೇ ‘ದೇವರು ನನ್ನನ್ನು ಎತ್ತಿದ ಸಾಕ್ಷಿ ಹೇಳುತ್ತೇನೆ’ ಎಂದು ಮೈಕಿಗೆ ಕೈ ಚಾಚಿದರೆ, ವಾಟ್ಸ್ಯಾಪ್ ಸ್ಟೇಟಸ್ಸಿನಲ್ಲಿ ಕ್ಷಮೆಯ ವಚನಗಳು ಸಾಲಾಗಿ ಬರತೊಡಗಿದರೆ, ಅದು ನೊಂದವರ ಮೇಲೆ ಹಾಕುವ ಒತ್ತಡ. ಸದ್ದಿಲ್ಲದೆ ಇನ್ನೊಂದು ಸಭೆಗೆ ಹೋಗಿ ಅಲ್ಲಿ ತಿಂಗಳೊಳಗೆ ಹುದ್ದೆ ಹಿಡಿಯುವವರೂ ಉಂಟು. ಹಾಗಾದಾಗ ಆ ಸಭೆಯ ಪಾಲಕರಿಗೆ ಮುಚ್ಚುಮರೆಯಿಲ್ಲದೆ ಹೇಳುವುದು ಚಾಡಿಯಲ್ಲ.

ಚಾಡಿ ಯಾವುದೆಂದರೆ, ‘ಪ್ರಾರ್ಥನೆಗೋಸ್ಕರ ಹೇಳ್ತಿದ್ದೇನೆ, ಯಾರಿಗೂ ಹೇಳಬೇಡಿ’ ಎಂದು ಶುರುವಾಗುವುದು. ಸಭೆಯ ಪ್ರಾರ್ಥನಾ ಗುಂಪಿನಲ್ಲಿ ಹೆಸರಿಲ್ಲದೆ, ಆದರೆ ಎಲ್ಲರಿಗೂ ಗೊತ್ತಾಗುವಂತೆ ಬರುವ ಒಂದು ಸಂದೇಶ ಆರು ತಿಂಗಳ ಕೆಲಸವನ್ನು ಒಂದು ಸಂಜೆಯಲ್ಲಿ ಹಾಳುಮಾಡಬಲ್ಲದು.

ಪೇತ್ರನ ವಿಷಯದಲ್ಲಿ ಯೇಸು ಏನು ಮಾಡಿದನೆಂಬುದನ್ನು ಹಿರಿಯರು ಕ್ರಮವಾಗಿ ನೋಡಬೇಕು. ಮಹಾಯಾಜಕನ ಅಂಗಳದಲ್ಲಿ ಕೆಂಡದ ಬೆಂಕಿಯ ಹತ್ತಿರ ತನ್ನನ್ನು ಮೂರು ಸಲ ಅಲ್ಲಗಳೆದವನನ್ನು ತಿಬೇರಿಯ ಸಮುದ್ರದ ದಡದಲ್ಲಿ ಕೆಂಡದ ಬೆಂಕಿಯ ಹತ್ತಿರವೇ ‘ನನ್ನನ್ನು ಪ್ರೀತಿಸುತ್ತೀಯಾ’ ಎಂದು ಮೂರು ಸಲ ಕೇಳಿದ. ಉಳಿದ ಶಿಷ್ಯರ ಎದುರಿಗೇ ಕೇಳಿದ, ಊಟವಾದ ಮೇಲೆ ಕೇಳಿದ. ಆದರೆ ಇದು ಅವರ ಮೊದಲ ಭೇಟಿಯಲ್ಲ. ಲೂಕ 24ರಲ್ಲೂ 1 ಕೊರಿಂಥ 15ರಲ್ಲೂ ಕರ್ತನು ಸೀಮೋನನಿಗೆ, ಅಂದರೆ ಪೇತ್ರನಿಗೆ, ಬೇರೆಯಾಗಿ ಕಾಣಿಸಿಕೊಂಡನೆಂದು ಇದೆ. ಅಲ್ಲಿ ಏನು ಮಾತಾಯಿತು ಎಂದು ಯಾವ ಸುವಾರ್ತೆಯೂ ಬರೆದಿಲ್ಲ. ಬಹಿರಂಗದ ಮಾತಿಗೆ ಮುಂಚೆ ಏಕಾಂತದ ಒಂದು ಮಾತು ಮುಗಿದಿತ್ತು, ಅದು ಏಕಾಂತದಲ್ಲೇ ಉಳಿಯಿತು. ಸಭೆಯ ಮುಂದೆ ಏನು ಹೇಳಬೇಕು, ಏನನ್ನು ಒಳಗೇ ಬಿಡಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ನಮಗೆ ಸಿಕ್ಕಿಲ್ಲ.

ಹಾಗಾಗಿ ಹಿಂದಿರುಗುವ ದಿನದ ಪ್ರಕಟಣೆ ಮೂರು ವಾಕ್ಯ ಮೀರಬಾರದು. ತಪ್ಪು ನಡೆದಿತ್ತು, ಒಪ್ಪಿಕೊಂಡಿದ್ದಾರೆ. ಹಿಂದಿರುಗಿಸುವ ಏರ್ಪಾಡು ಆಗಿದೆ. ಇಂದಿನಿಂದ ಕರ್ತನ ಭೋಜನದಲ್ಲಿ ನಮ್ಮ ಜೊತೆ ಇದ್ದಾರೆ. ವಿವರ ಬೇಡ, ಅತ್ತು ತೋರಿಸುವುದೂ ಬೇಡ. ಪ್ರಕಟಣೆಯ ಮಾತುಗಳನ್ನು ನೊಂದವರಿಗೆ ಮುಂಚೆಯೇ ಓದಿ ಹೇಳಿರಬೇಕು. ಆ ದಿನ ಹಿಂದಿರುಗುವವರ ಪಕ್ಕದಲ್ಲಿ ಯಾರು ಕೂರುತ್ತಾರೆ ಎಂಬುದನ್ನು ಮೊದಲೇ ಗೊತ್ತುಮಾಡಿ. ಇಲ್ಲದಿದ್ದರೆ ಇಡೀ ಬೆಂಚು ಖಾಲಿ ಉಳಿಯುತ್ತದೆ, ಯಾರೂ ಬೇಕೆಂದು ಮಾಡದಿದ್ದರೂ. ಕೊರಿಂಥದವರಿಗೆ ಪೌಲನು ಬರೆದದ್ದು ಇದೇ ಹಂತದ ಬಗ್ಗೆ: ಆದ ಶಿಕ್ಷೆ ಸಾಕು, ಈಗ ಕ್ಷಮಿಸಿ ಸಂತೈಸಿ, ಇಲ್ಲದಿದ್ದರೆ ಆತ ಅತಿಯಾದ ದುಃಖದಲ್ಲಿ ಮುಳುಗಿಹೋದಾನು. ಶಿಸ್ತು ಬೇಕೆಂದು ಹಿಂದೆ ಒತ್ತಿ ಹೇಳಿದ್ದ ಅದೇ ಸಭೆಗೆ, ಸಾಕು ಎಂದೂ ಅವನೇ ಹೇಳಬೇಕಾಯಿತು. ಶಿಕ್ಷೆ ಶುರುಮಾಡುವ ಹಿರಿಯರು ಹೇಗೋ ಸಿಗುತ್ತಾರೆ, ಸಾಕು ಎಂದು ಎದ್ದು ನಿಂತು ಹೇಳುವವರು ಸಿಗುವುದು ಕಷ್ಟ.

ಹುದ್ದೆ ಬೇರೆ ಮಾತು. ಮೇಜಿಗೆ ಬಂದವರೆಲ್ಲ ಹುದ್ದೆಗೂ ಬರಬೇಕೆಂದಿಲ್ಲ. ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದರಿಂದಲೇ ಎಷ್ಟೋ ಕಡೆ ಎರಡೂ ಕೆಟ್ಟಿವೆ. ಮಕ್ಕಳಿಗೆ ಕೆಡುಕು ಮಾಡಿದವರು ಮತ್ತೆಂದೂ ಮಕ್ಕಳ ಕೆಲಸಕ್ಕೆ ಹೋಗಕೂಡದು, ಅದರಲ್ಲಿ ಚರ್ಚೆಗೆ ಜಾಗವಿಲ್ಲ. ಉಳಿದವರ ವಿಷಯದಲ್ಲಿ ಮಾರ್ಕನನ್ನು ನೆನೆಯಬಹುದು. ಸುವಾರ್ತೆ ಸಾರುವ ಪ್ರಯಾಣದ ನಡುವೆ ಪಂಫುಲ್ಯದಲ್ಲಿ ಬಿಟ್ಟುಹೋದ ಅವನನ್ನು ಎರಡನೆಯ ಸಲ ಕರೆದೊಯ್ಯುವ ವಿಷಯದಲ್ಲಿ ಪೌಲ ಬಾರ್ನಬರೇ ಜಗಳವಾಡಿ ಬೇರೆಯಾದರು. ಬಾರ್ನಬ ಅವನನ್ನು ಜೊತೆಗೆ ಕರೆದುಕೊಂಡು ಸೈಪ್ರಸ್‌ಗೆ ಹೋದ. ವರ್ಷಗಳ ನಂತರ ತಿಮೊಥೆಯನಿಗೆ ಬರೆದ ಪತ್ರದಲ್ಲಿ ಪೌಲನೇ ‘ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯುಕ್ತ’ ಎನ್ನುತ್ತಾನೆ. ಆ ನಡುವಿನ ವರ್ಷಗಳಲ್ಲಿ ಅವನನ್ನು ನಂಬಿ ಕೆಲಸ ಕೊಟ್ಟವನು ಬಾರ್ನಬ, ಕಾದು ನೋಡಿದವನು ಪೌಲ. ಸಭೆಗೆ ಇಬ್ಬರೂ ಬೇಕು.

ಈ ಕೆಲಸ ಮಾಡುವವರೂ ಸವೆಯುತ್ತಾರೆ. ಗಲಾತ್ಯ 6ರಲ್ಲಿ ತಿದ್ದುವವರಿಗೆ ‘ನೀನೂ ಎಚ್ಚರವಾಗಿರು’ ಎಂಬ ಮಾತು ಸುಮ್ಮನೆ ಸೇರಿಸಿದ್ದಲ್ಲ. ಬಿದ್ದವರ ಕಥೆ ಕೇಳಿ ಕೇಳಿ ಒಳಗೊಳಗೆ ‘ನಾನು ಹಾಗಿಲ್ಲ’ ಎಂಬ ಸಮಾಧಾನ ಬೆಳೆಯತೊಡಗಿದರೆ ಅದು ದಾರಿತಪ್ಪಿ ಮರಳಿದ ತಮ್ಮನನ್ನು ಕಂಡು ಸಿಟ್ಟಾದ, ಯೇಸುವಿನ ಸಾಮ್ಯದ ಹಿರಿಯ ಮಗನ ರೋಗ. ಒಬ್ಬರ ಕೈಯಲ್ಲಿ ಒಂದು ಹೊತ್ತಿಗೆ ಒಂದೇ ಪ್ರಕರಣ ಇರಲಿ, ಅದು ಮುಗಿದ ಮೇಲೆ ಕೆಲವು ತಿಂಗಳು ಬಿಡುವು ಕೊಡಿ.

ಮತ್ತೆ ಬಿದ್ದರೆ? ಬೀಳುವವರಿದ್ದಾರೆ. ಸಮುದ್ರದ ದಡದಲ್ಲಿ ಎತ್ತಿ ನಿಲ್ಲಿಸಿದ ಪೇತ್ರನೇ ಅಂತಿಯೋಕ್ಯದಲ್ಲಿ ಜನರಿಗೆ ಹೆದರಿ ಅನ್ಯಜನರ ಪಂಕ್ತಿಯಿಂದ ಎದ್ದುಹೋದ, ಪೌಲನು ಎದುರಾಎದುರು ನಿಂತು ಹೇಳಬೇಕಾಯಿತು. ಎರಡನೆಯ ಸಲ ಕೇಳಬೇಕಾದ ಮೊದಲ ಪ್ರಶ್ನೆ, ತಾವಾಗಿ ಬಂದು ಹೇಳಿದರೇ, ಸಿಕ್ಕಿಬಿದ್ದರೇ ಎಂದು. ತಾವಾಗಿ ಬಂದಿದ್ದರೆ ಮೊದಲ ಸಲದ ಕೆಲಸ ವ್ಯರ್ಥವಾಗಿಲ್ಲ, ವಾರದ ಭೇಟಿಗೆ ಮರಳಿದರೆ ಸಾಕು. ಸಿಕ್ಕಿಬಿದ್ದಿದ್ದರೆ ಹಾಳೆ, ಪೆನ್ನಿನಿಂದ ಮತ್ತೆ ಶುರು.

ಆ ಹಾಳೆಯ ಬಗ್ಗೆ ಒಂದು ಮಾತು. ಸಭೆಯ ನಡಾವಳಿ ಪುಸ್ತಕದಲ್ಲಿ ತೀರ್ಮಾನ ಮತ್ತು ದಿನಾಂಕಗಳು ಮಾತ್ರ ಇರಬೇಕು, ಅರಿಕೆಯ ವಿವರಗಳು ಅಲ್ಲಿಗೆ ಹೋಗಕೂಡದು. ಅಪರಾಧದ ವಿಷಯವಾಗಿದ್ದರೆ ಹಾಳೆಯನ್ನು ಮುಟ್ಟಬೇಡಿ, ಅದು ಸಾಕ್ಷ್ಯ. ಬೇರೆಯದಾಗಿದ್ದರೆ ಕೊನೆಯ ಕಂತು ತೀರಿದ ದಿನ ಬರೆದವರ ಕೈಗೇ ವಾಪಸು ಕೊಟ್ಟು, ಅದರ ನಕಲು ಯಾರ ಫೋನಿನಲ್ಲೂ ಉಳಿದಿಲ್ಲ ಎಂದು ಇಬ್ಬರು ಹಿರಿಯರು ಖಚಿತಪಡಿಸಿಕೊಳ್ಳಬೇಕು. ಖಜಾಂಚಿಗೆ ಹಣ ಎಣಿಸುವ ಕೆಲಸ ಮತ್ತೆ ಕೊಡುವುದಿಲ್ಲ. ಕಳ್ಳನು ಕೈಯಾರೆ ದುಡಿದು ಕೊರತೆಯಲ್ಲಿರುವವರಿಗೆ ಕೊಡಲಿ ಎಂದು ಎಫೆಸದವರಿಗೆ ಬರೆದದ್ದು ಇದೆಯಲ್ಲ. ಕಷ್ಟದಲ್ಲಿರುವ ಮನೆಗಳಿಗೆ ಸಾಮಾನು ತಲುಪಿಸುವ ತಂಡದಲ್ಲಿ ಅವರಿಗೆ ಜಾಗವಿದೆ, ಲೆಕ್ಕ ಇನ್ನೊಬ್ಬರು ಬರೆಯುತ್ತಾರೆ.